ಮುಕ್ಕಾಲಿ ಹೊತ್ತ ಭಾವ

ಆ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಜಗಳವಾದದ್ದು ಒಂದು ಕಪ್ಪು ಬಟ್ಟೆಯ ವಿಷಯಕ್ಕೆ. ಕ್ಯಾಮರಾದ ಹಿಂದೆ ನಿಂತಾಗ ತಲೆಯ ಮೇಲೆ ಹೊದ್ದುಕೊಳ್ಳುವ ಬಟ್ಟೆ ಅದು. ಅಕ್ಕ ಅದನ್ನು ಒಗೆದು, ಕಾಗೆ ಬಾಯಿ ಹಾಕದಿರಲಿ ಎಂದು ಹಿತ್ತಲಿನ ಹಪ್ಪಳದ ಮೇಲೆ ಹರಡಿಬಿಟ್ಟಿದ್ದಳು. ನಾನು ಗೊಣಗಿದೆ. "ನಿನ್ನ ತಲೆ ಮುಚ್ಚೋದಕ್ಕಿಂತ ಹಪ್ಪಳ ಮುಚ್ಚೋದು ಮೇಲು ಕಣೋ. ಹಪ್ಪಳವಾದ್ರೆ ತಿನ್ನಕ್ಕಾದ್ರೂ ಆಗ್ತದೆ" ಎಂದಳು. ಭಾವ ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, "ಕೊಟ್ಬುಡಮ್ಮಿ. ನಿನ್ನ ತಮ್ಮ ತಲೆ ಮುಚ್ಕೊಳ್ದೆ ಬೀದೀಲಿ ನಿಂತ್ರೆ ಜನ ಗುರುತು ಹಿಡಿದುಬುಟ್ಟಾರು, ಆಮೇಲೆ ಎಣ್ಣು ಕೊಡೋರು ಯಾರು?" ಎಂದರು. ಮೂವರೂ ನಕ್ಕೆವು. ನಮ್ಮ ಮನೆಯ ಕೊನೆಯ ಸಾಮಾನ್ಯ ಭಾನುವಾರ ಶುರುವಾದದ್ದು ಹೀಗೆ. ಅದು ಕೊನೆಯದೆಂದು ಯಾರಾದರೂ ಹೇಳಿದ್ದರೆ ನಾನೂ ಹಪ್ಪಳದ ಪಕ್ಷವನ್ನೇ ವಹಿಸಿ ಮನೆಯಲ್ಲಿ ಕೂತಿರುತ್ತಿದ್ದೆ. ಯಾರೂ ಹೇಳಲಿಲ್ಲ. ನಾನು ಬಟ್ಟೆ ಎಳೆದುಕೊಂಡು ಹೊರಟೆ.

ನನ್ನ ಹುಚ್ಚಿನ ವಿಷಯ ಮೊದಲು ಹೇಳಿಬಿಡಬೇಕು. ನಾನು ನಂಜನಗೂಡು ರೈಲು ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತ. ಮದುವೆಯಾಗಿಲ್ಲ, ಊಟ ವಾಸ ಎಲ್ಲ ಅಕ್ಕ ಭಾವನ ಮನೆಯಲ್ಲಿ. ರೈಲು ಹಾದಿಯ ಕೆಲಸ ನೋಡಿಕೊಳ್ಳುತ್ತಿದ್ದ ಒಬ್ಬ ಬಿಳಿಯ ದೊರೆ ತನ್ನ ದೇಶಕ್ಕೆ ಹೊರಡುವಾಗ, ಹಡಗಿಗೆ ಹೊರಿಸುವಷ್ಟು ಯೋಗ್ಯತೆಯಿಲ್ಲದ ಸಾಮಾನನ್ನೆಲ್ಲ ಸ್ಟೇಷನ್ನಿನವರಿಗೆ ಹಂಚಿದ. ಸ್ಟೇಷನ್ ಮಾಸ್ಟರಿಗೆ ಕುರ್ಚಿ, ಪೋರ್ಟರಿಗೆ ಬೂಟ್ಸು, ನನಗೆ ಕ್ಯಾಮರಾ. ಬೂಟ್ಸು ಕಚ್ಚುತ್ತದೆಂದು ಪೋರ್ಟರು ವಾರದೊಳಗೆ ಬಿಟ್ಟ. ನನ್ನನ್ನೂ ಕ್ಯಾಮರಾ ಸಾಕಷ್ಟು ಕಚ್ಚಿತು, ಆದರೆ ನಾನು ಬಿಡಲಿಲ್ಲ. ಅದರ ಚರ್ಮದ ತಿದಿಯಲ್ಲಿದ್ದ ತೂತುಗಳಿಗೆ ಹಲಸಿನ ಅಂಟು ಮೆತ್ತಿದೆ. ಒಳಗೆ ಇಡುವ ಗಾಜಿನ ಹಲಗೆಗಳನ್ನು ಮೈಸೂರಿನಿಂದ ತರಿಸಿದೆ. ಗಾಜಿನ ಮೇಲೆ ಮದ್ದು ಬಳಿದಿರುತ್ತದೆ, ಬೆಳಕು ಅದರ ಮೇಲೆ ಬಿದ್ದು ಚಿತ್ರ ಮೂಡುತ್ತದೆ, ಆ ಗಾಜನ್ನು ಮದ್ದಿನ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಪಟ ಸಿಕ್ಕುತ್ತದೆ. ದೊರೆ ಇಷ್ಟು ಹೇಳಿಕೊಟ್ಟಿದ್ದ. ಉಳಿದದ್ದನ್ನು ಗಾಜು ಕೆಡಿಸಿಯೇ ಕಲಿತೆ.

ಈ ಸೀಮೆಯಲ್ಲಿ ಕ್ಯಾಮರಾ ಇರುವವರೆಲ್ಲ ಸೋಮನಾಥಪುರಕ್ಕೆ ಹೋಗುತ್ತಾರೆ. ಅವರದು ತಪ್ಪೆಂದು ನಾನು ಹೇಳುವುದಿಲ್ಲ. ಕಲ್ಲಿನ ದೇವರು ಅಲ್ಲಾಡುವುದಿಲ್ಲ, ಸೀನುವುದಿಲ್ಲ, 'ನನ್ನ ಮಗ್ಗುಲಲ್ಲಿ ಅವನನ್ನು ಯಾಕೆ ನಿಲ್ಲಿಸಿದೆ' ಎಂದು ಕೇಳುವುದಿಲ್ಲ. ನನಗೆ ಮಾತ್ರ ಬೀದಿಗಳ ಮೇಲೆ ಕಣ್ಣು. ಕಂಚುಗಾರರ ಬೀದಿಯಲ್ಲಿ ಬಿಸಿಲು ತಪ್ಪಲೆಗಳ ಬೆನ್ನಿನ ಮೇಲೆ ಕೂತಿರುವುದು, ಗಾಣಿಗರ ಬೀದಿಯ ಗೋಡೆಗಳು ಆಳೆತ್ತರದವರೆಗೆ ಎಣ್ಣೆ ಕುಡಿದು ಕಪ್ಪಗಾಗಿರುವುದು, ಒಂದು ಮನೆಯ ಜಗಲಿ ಇನ್ನೊಂದರ ಜಗಲಿಯನ್ನು ಒತ್ತರಿಸಿಕೊಂಡು ಮುಂದೆ ಬಂದಿರುವುದು. ಇದರಲ್ಲಿ ಏನಿದೆ ಎಂದು ಆಫೀಸಿನಲ್ಲಿ ಕೇಳುತ್ತಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಭಾವನಿಗೆ ಗೊತ್ತಿತ್ತೋ ಏನೋ, ಅವರು ಒಂದು ದಿನವೂ ಕೇಳಲಿಲ್ಲ. ಕ್ಯಾಮರಾ ಕೂರಿಸುವ ಮುಕ್ಕಾಲಿಯನ್ನು ಹೆಗಲಿಗೆ ಹಾಕಿಕೊಂಡು, "ಇವತ್ತು ಯಾವ ಬೀದಿಗೆ ಗ್ರಾಚಾರ?" ಎಂದು ಮುಂದೆ ನಡೆಯುತ್ತಿದ್ದರು.

ಭಾವನದು ಗಾಡಿ ಬಾಡಿಗೆಯ ಕೆಲಸ. ಬನ್ನೂರು, ನರಸೀಪುರದ ಕಡೆಯ ಬೆಲ್ಲವನ್ನು ನಮ್ಮ ಸ್ಟೇಷನ್ನಿಗೆ ತಂದು ಹಾಕುವುದು. ಹುಟ್ಟೂರು ನರಸೀಪುರ. ತಾಯಿ ಬಾಣಂತನದಲ್ಲೇ ತೀರಿಕೊಂಡಿದ್ದರಿಂದ ದೊಡ್ಡವ್ವ ಸಾಕಿದ್ದರು. ದಾರಿಯುದ್ದದ ಊರಿನವರೆಲ್ಲ ಭಾವನಿಗೆ ಪರಿಚಯ. ನಾನೋ, ನಾಲ್ಕು ಜನ ಕಂಡರೆ ನಾಲಗೆ ಒಣಗುವವನು. ಹಾಗಾಗಿ ಬೀದಿಯನ್ನು ಒಲಿಸಿಕೊಳ್ಳುವುದು ಅವರ ಪಾಲು, ಬಟ್ಟೆಯೊಳಗೆ ಅಡಗಿಕೊಳ್ಳುವುದು ನನ್ನ ಪಾಲು. ಒಂದೇ ತೊಂದರೆ. ಬೀದಿಗೆಲ್ಲ "ಅಲ್ಲಾಡ್ಬ್ಯಾಡ್ರಪ್ಪೋ" ಎಂದು ಕೂಗುತ್ತಿದ್ದ ಮನುಷ್ಯ ತಾವು ಮಾತ್ರ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿರಲಿಲ್ಲ. ಒಬ್ಬನ ರುಮಾಲು ಸರಿಮಾಡುವುದು, ಇನ್ನೊಬ್ಬನ ಕತ್ತು ತಿರುಗಿಸುವುದು, ಹೋತವನ್ನು ಓಡಿಸುವುದು. ನನ್ನ ಪಟಗಳಲ್ಲಿ ಬೀದಿ ನಿಂತಿರುತ್ತಿತ್ತು, ಜನ ನಿಂತಿರುತ್ತಿದ್ದರು, ಭಾವ ಇರಬೇಕಾದ ಕಡೆ ಒಲೆಯ ಹೊಗೆಯಂಥದ್ದೇನೋ ಇರುತ್ತಿತ್ತು. "ಇದ್ಯಾವ ದೆವ್ವ ಭಾವ?" ಎಂದರೆ, "ನಾನೇ ಕಣ್ಲಾ. ನಿನ್ನ ಪೆಟ್ಟಿಗೆಗೆ ನನ್ನ ಇಡಿಯೋ ಅಷ್ಟು ಓಟ ಇಲ್ಲ" ಎನ್ನುತ್ತಿದ್ದರು.

ನರಸೀಪುರದಲ್ಲಿ ಒಮ್ಮೆ ಆದದ್ದನ್ನು ಹೇಳುತ್ತೇನೆ. ಸಂಗಮದ ಕಡೆಗೆ ಇಳಿಯುವ ಒಂದು ಬೀದಿಯಲ್ಲಿ ಮುಕ್ಕಾಲಿ ಊರಿ, ಬಟ್ಟೆಯೊಳಗೆ ತಲೆ ಹಾಕಿದ್ದೆ. ಕ್ಯಾಮರಾದ ಗಾಜಿನಲ್ಲಿ ಬೀದಿ ತಲೆಕೆಳಗಾಗಿ ಕಾಣುತ್ತದೆ. ಆ ತಲೆಕೆಳಗಾದ ಬೀದಿಯಲ್ಲಿ ಜನ ಜಗಲಿಯ ಚಪ್ಪಡಿಗಳನ್ನು ಎತ್ತಿ ಎತ್ತಿ ಒಳಗೆ ಸಾಗಿಸುತ್ತಿರುವುದು ಕಂಡಿತು. ಗಾಬರಿಯಿಂದ ತಲೆ ಹೊರಗೆ ತೆಗೆದೆ. ಮುಕ್ಕಾಲಿ ನೋಡಿದವರು ನಾವು ಮೋಜಣಿ ಇಲಾಖೆಯವರು, ಬೀದಿ ಅಳೆದು ಒತ್ತುವರಿ ಕೀಳಿಸುವುದಕ್ಕೆ ಬಂದವರು ಎಂದುಕೊಂಡಿದ್ದರು. ಒಬ್ಬ ಯಜಮಾನ ನನ್ನ ಕಾಲಿಗೆ ಬೀಳಲು ಬಂದ. "ಸಾ, ನಮ್ಮಪ್ಪನ ಕಾಲದ ಜಗಲಿ ಸಾ, ಒಂದು ಮೊಳ ಮುಂದಕ್ಕೆ ಅದಾಗೇ ಬಂದದೆ ಸಾ." ಭಾವ ಗಂಭೀರವಾಗಿ, "ಅದಾಗೇ ಬಂದಿದ್ರೆ ಅದಾಗೇ ಓಗ್ತದೆ ಬುಡು. ಈಗ ಅದರ ಮ್ಯಾಲೆ ಕೂತ್ಕೊಂಡು ನಗು" ಎಂದರು. ಆ ಯಜಮಾನ ನಕ್ಕದ್ದು ಚೆನ್ನಾಗಿ ಬಂದಿದೆ. ಅವನ ಪಕ್ಕದಲ್ಲಿ ಹೊಗೆ.

ಕ್ಯಾಮರಾದ ಮೂತಿಯ ಮುಚ್ಚಳ ತೆಗೆದು ಎಷ್ಟು ಹೊತ್ತಿಗೆ ಹಾಕಬೇಕೆಂಬುದು ನಮ್ಮಲ್ಲಿ ದೊಡ್ಡ ಚರ್ಚೆ. ನನ್ನ ಹತ್ತಿರ ಗಡಿಯಾರವಿಲ್ಲ. ಮನಸ್ಸಿನಲ್ಲಿ ನಂಜುಂಡೇಶ್ವರ ಎಂದು ನಿಧಾನವಾಗಿ ಹೇಳಿ ಮುಚ್ಚುತ್ತಿದ್ದೆ. ಭಾವನಿಗೆ ಇದು ಪಕ್ಷಪಾತವೆಂದು ಕಂಡಿತು. "ನಮ್ಮೂರಲ್ಲಿ ಪಟ ಇಡಿಯೋವಾಗ್ಲಾದ್ರೂ ನರಸಿಂಹ ಅನ್ನಲಾ" ಎಂದರು. ಹಾಗೇ ಮಾಡಿದೆ. ಹೆಸರು ಗಿಡ್ಡವಾದ್ದರಿಂದ ಬೆಳಕು ಸಾಲದೆ ಪಟ ಕತ್ತಲಾಯಿತು. ಅದನ್ನು ನೋಡಿ ಭಾವ ಬಹಳ ಹೊತ್ತು ಯೋಚಿಸಿ, "ಉಗ್ರ ಸೇರಿಸ್ಕೊಂಡಿದ್ರೆ ಸರಿಯಾಗಿರೋದು" ಎಂದು ತೀರ್ಪು ಕೊಟ್ಟರು.

ಆ ಭಾನುವಾರ ನಾವು ದೂರ ಹೋಗಲಿಲ್ಲ. ನಂಜನಗೂಡಿನಲ್ಲೇ, ಹೊಳೆಯ ಕಡೆಗೆ ತಿರುಗುವ ಒಂದು ಸಂದಿ. ಎರಡು ಕಡೆಯೂ ತಗ್ಗು ಸೂರು, ಬಾಗಿಲ ಮುಂದೆಲ್ಲ ಸಾರಿಸಿ ರಂಗೋಲಿ ಬಿಟ್ಟಿದ್ದರು. ಭಾವ ಬಾಯಿ ತುಂಬ ತಾಂಬೂಲ ಹಾಕಿಕೊಂಡು ಒಂದು ಬಾಗಿಲ ಪಕ್ಕ ನಿಂತಿದ್ದರು. ಉಗುಳಬೇಕು. ಎತ್ತ ನೋಡಿದರೂ ರಂಗೋಲಿ. ಹೊಸ್ತಿಲ ಮೇಲೆ ಆ ಮನೆಯ ಯಜಮಾನಿ ಪೊರಕೆ ಹಿಡಿದುಕೊಂಡು ಇವರ ಬಾಯಿಯನ್ನೇ ನೋಡುತ್ತಿದ್ದಳು. ಭಾವನಿಗೆ ಉಗುಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಕತ್ತು ತಿರುಗಿಸಿದರೆ ಚೆಲ್ಲುತ್ತದೆ. ಒಂದು ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲೇ ನನ್ನನ್ನು ಬೈಯುತ್ತ, ಕಂಬದ ಹಾಗೆ ನಿಂತುಬಿಟ್ಟರು. ನಾನು ಮುಚ್ಚಳ ತೆಗೆದೆ. ಅವತ್ತು ನಂಜುಂಡೇಶ್ವರನ ಜೊತೆಗೆ ನರಸಿಂಹನನ್ನೂ ಸೇರಿಸಿ ಹೇಳಿದೆ. ಅವಸರವೇ ಇರಲಿಲ್ಲ.

ಆ ಗಾಜು ಅಷ್ಟು ಚೆನ್ನಾಗಿ ಬಂತು. ಕಣಜದ ಕೋಣೆಯಲ್ಲಿ ಕೆಂಪು ದೀಪದ ಮುಂದೆ ಮದ್ದಿನ ನೀರಿನೊಳಗಿಂದ ಭಾವನ ಮುಖ ಮೆಲ್ಲಗೆ ಎದ್ದು ಬಂದಾಗ ನಾನು ಕೂಗಿಯೇಬಿಟ್ಟೆ. ಮಾರನೆಯ ಬೆಳಿಗ್ಗೆ ಕಿಟಕಿಗೆ ಹಿಡಿದು ತೋರಿಸಿದೆ. ಗಾಜಿನಲ್ಲಿ ಎಲ್ಲ ಅದಲು ಬದಲು, ಕಪ್ಪಿರುವುದೆಲ್ಲ ಬಿಳಿ. ಭಾವ ನೋಡಿ ದಂಗಾದರು. "ಲೇ, ನಾನು ಯಾವಾಗ್ಲಾ ಇಷ್ಟು ಬೆಳ್ಳಗಾದೆ? ದೊರೆ ಪೆಟ್ಟಿಗೆ ಅಲ್ವಾ, ಎಲ್ರನ್ನೂ ದೊರೆ ಮಾಡ್ತದೆ!" ಅಕ್ಕನನ್ನು ಕರೆದು ತೋರಿಸಿದರು. "ದೊಡ್ಡವ್ವಂಗೂ ಒಂದು ಮಾಡ್ಕೊಡು. ಮೊಗ ದೊರೆ ಆಗವ್ನೆ ಅಂತ ಬನ್ನೂರು ಗಂಟ ಸಾರ್ಕೊಂಡು ಬತ್ತಾಳೆ" ಎಂದರು. ಪಟ ಇಳಿಸುವ ಕಾಗದ ಮುಗಿದಿತ್ತು. ಮೈಸೂರಿಗೆ ಬರೆದೆ. ಗಾಜನ್ನು ಬೇರೆ ಗಾಜುಗಳ ಜೊತೆಗೆ ಗೋಡೆಯ ಗೂಡಿನಲ್ಲಿಟ್ಟೆ. ಇಡುವ ಅವಸರದಲ್ಲಿ ಅದರ ಒಂದು ಮೂಲೆ ಮುಕ್ಕಾಯಿತು.

ಮಂಗಳವಾರ ಗಾಡಿ ಬಿಟ್ಟು ಬಂದವರು ಹೊಟ್ಟೆ ಸರಿಯಿಲ್ಲ ಎಂದರು. ವಾಂತಿಭೇದಿ. ಬುಧವಾರ ದೀಪ ಹಚ್ಚುವ ಹೊತ್ತಿಗೆ ಭಾವ ಇರಲಿಲ್ಲ. ಈ ವಾಕ್ಯ ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ. ಅಕ್ಷರವೆಲ್ಲ ಸರಿಯಾಗಿದೆ. ಆದರೂ ಯಾರದೋ ಮನೆಯ ಸುದ್ದಿಯ ಹಾಗೆ ಕಾಣುತ್ತದೆ. ಒಂದು ಗಳಿಗೆ ನಿಲ್ಲದಿದ್ದ ಮನುಷ್ಯ ಚಾಪೆಯ ಮೇಲೆ ಹಾಗೆ ಮಲಗಿದ್ದನ್ನು ನೋಡಿದರೂ ನನಗೆ ನಂಬಿಕೆ ಬರಲಿಲ್ಲ. ಈಗ ಎದ್ದು ಯಾರದಾದರೂ ರುಮಾಲು ಸರಿಮಾಡುತ್ತಾರೆ ಎಂದು ಕಾಯುತ್ತಿದ್ದೆ. ವಾಂತಿಭೇದಿಯ ಸಾವಾದ್ದರಿಂದ ಹೆಚ್ಚು ಹೊತ್ತು ಇಡಬಾರದೆಂದು ಊರಿನವರು ಅವಸರ ಮಾಡಿ ಮಣ್ಣು ಮಾಡಿದರು. ನರಸೀಪುರದಿಂದ ದೊಡ್ಡವ್ವನ ಗಾಡಿ ಬಂದು ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಕೆ ಗಾಡಿಯಿಂದ ಇಳಿದವರು ಒಳಗೆ ಬರಲಿಲ್ಲ. ಬೀದಿಯಲ್ಲೇ ನಿಂತು, "ಮೊಕ ತೋರಿಸ್ದೆ ಎತ್ಕೊಂಡು ಓದ್ರಾ?" ಎಂದರು. ಒಂದೇ ಸಲ ಕೇಳಿದರು.

ಪಟ ಹಿಡಿದರೆ ಆಯುಸ್ಸು ಕಮ್ಮಿಯಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಭಾನುವಾರ ಪಟ, ಬುಧವಾರ ಸಾವು. ಬೀದಿಯಲ್ಲಿ ಮಾತು ಎದ್ದಿತು. ಕೇಳಿಸಲೆಂದೇ ಆಡಿದ ಮಾತು ಕೇಳಿಸದೆ ಇರುತ್ತದೆಯೆ? ನನಗೂ ಕೇಳಿಸಿತು, ಒಳಗೊಳಗೇ ಕೊರೆಯಿತು. ಒಬ್ಬಾಕೆ ಹರಳೆಣ್ಣೆ ಕೊಡುವ ನೆಪದಲ್ಲಿ ಬಂದು ಅದನ್ನೇ ದೊಡ್ಡವ್ವನ ಮುಂದೆ ಹೇಳಿದಳು. ದೊಡ್ಡವ್ವ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಅಂಗಾದ್ರೆ ದೊರೆಗೋಳು ಒಬ್ರೂ ಬದುಕಿರ್ಬಾರ್ದಾಗಿತ್ತು. ಎಣ್ಣೆ ಮಡಗಿ ಓಗು ತಾಯಿ" ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಮಗ, ನೀನು ಇಡ್ದೆಯಲ್ಲ ಪಟ, ಅದ್ರಾಗೆ ಅವ್ನ ಮೊಕ ಚೆನ್ನಾಗಿ ಬಂದದಾ?" "ಬಂದಿದೆ ದೊಡ್ಡವ್ವ. ಸುಮ್ಮನೆ ನಿಂತಿದ್ದಾರೆ." "ಅವ್ನು ಸುಮ್ಕೆ ನಿಂತಿದ್ನಾ?" ಆಕೆಗೆ ಅದೇ ಆಶ್ಚರ್ಯ. "ಮೈಸೂರಿಂದ ಕಾಗದ ಬರಬೇಕು. ಬಂದ ಕೂಡಲೇ ಕೊಡುತ್ತೇನೆ" ಎಂದೆ. ಪಟ ಮೈಸೂರಿನಿಂದಲೇ ಕಾಗದದ ಮೇಲೆ ಕೂತು ಬರುತ್ತದೆ ಎಂದು ಆಕೆ ತಿಳಿದುಕೊಂಡರು. ಗಾಜಿನ ವಿಷಯ ನಾನು ಎತ್ತಲಿಲ್ಲ. ಆ ಹೊತ್ತಿನಲ್ಲಿ ಗಾಜು, ಮದ್ದು, ಬೆಳಕು ಎಂದು ಪಾಠ ಹೇಳುವ ಮನಸ್ಸು ಯಾರಿಗಿರುತ್ತದೆ?

ದೊಡ್ಡವ್ವ ಸ್ವಭಾವದಿಂದಲೇ ಚೊಕ್ಕಟದವರು. "ಎರಡು ಒಳೆ ಸೇರೋ ಜಾಗದಲ್ಲಿ ಉಟ್ಟಿದ್ದು ಒಳ್ಳೇದಾಯ್ತು, ಒಂದು ಒಳೆ ನೀರು ಆಕೆಗೆ ಸಾಲ್ತಿರ್ಲಿಲ್ಲ" ಎಂದು ಭಾವ ತಮಾಷೆ ಮಾಡುತ್ತಿದ್ದರು. ಸೂತಕ ಕಳೆಯುವ ಹಿಂದಿನ ದಿನ ಮನೆಯೆಲ್ಲ ತೊಳೆಯಬೇಕು. ಗೋಡೆ ಸಾರಿಸಬೇಕು, ಮಣ್ಣಿನ ಮಡಕೆಗಳನ್ನು ಹೊರಗೆ ಹಾಕಿ ಹೊಸದು ತರಬೇಕು, ಪಾತ್ರೆಗಳನ್ನು ಬೆಳಗಬೇಕು. ದೊಡ್ಡವ್ವ ಸೆರಗು ಕಟ್ಟಿದರು. ಅದೇ ದಿನ ಮೈಸೂರಿನ ರೈಲಿಗೆ ನನ್ನ ಕಾಗದದ ಪಾರ್ಸೆಲ್ ಬಂತು. ಕಂಕುಳಲ್ಲಿ ಇಟ್ಟುಕೊಂಡು ಹೆಚ್ಚು ಕಡಿಮೆ ಓಡುತ್ತಲೇ ಮನೆಗೆ ಬಂದೆ. ಅಷ್ಟು ದಿನಗಳಲ್ಲಿ ಮೊದಲ ಸಲ ಮನಸ್ಸು ಸ್ವಲ್ಪ ಹಗುರವಾಗಿತ್ತು.

ಜಗಲಿಯ ಮೇಲೆ, ಬಿಸಿಲಿಗೆ, ಗೋಡೆಗೆ ಒರಗಿಸಿ ಸಾಲಾಗಿ ಗಾಜುಗಳನ್ನು ನಿಲ್ಲಿಸಿತ್ತು. ಒಂದೊಂದರಲ್ಲೂ ಹಿಂದಿನ ಗೋಡೆ ಸೊಗಸಾಗಿ ಕಾಣುತ್ತಿತ್ತು. ನೀರಿನಂಥ ಗಾಜು.

"ನೋಡು ಬಾ ಮಗ" ಎಂದರು ದೊಡ್ಡವ್ವ. ಹಣೆಯ ಬೆವರು ಒರೆಸಿಕೊಂಡರು. ನಮ್ಮ ಮನೆಗೆ ಬಂದ ಮೇಲೆ ಆಕೆಯ ಮುಖದಲ್ಲಿ ಒಂದು ತೃಪ್ತಿ ಕಂಡದ್ದು ಆಗಲೇ. "ಗೂಡಲ್ಲಿ ಇಟ್ಟಿದ್ಯಲ್ಲ, ಏನ್ ಮಸಿ ಏನ್ ಮಸಿ! ಸೂತಕ ಎಲ್ಲ ಅದ್ಕೇ ಅಂಟ್ಕಂಡಿತ್ತು ಕಣಪ್ಪ. ಮಣ್ಣಾದ್ರೆ ಬಿಸಾಕ್ಬೇಕು, ಇತ್ತಾಳೆ ಆದ್ರೆ ಬೆಳಗ್ಬೇಕು. ಗಾಜಿಗೆ ಏನಂತ ಯಾರ್ನ ಕೇಳಾನ? ಐನೋರ್ನ ಕೇಳ್ದೆ, ಅವ್ರೂ ಬಾಯಿ ಬುಟ್ರು. ಬಿಸಾಕಾನ ಅಂದ್ರೆ ಮನ್ಸು ಬರ್ಲಿಲ್ಲ, ಮಗ ಆಸೆ ಪಟ್ಟು ಮಡಿಕ್ಕಂಡವ್ನೆ ಅಂತ. ಅದ್ಕೆ ಕುದಿಯೋ ನೀರಾಕಿ, ಬೂದಿ ಸೀಗೆಪುಡಿ ಆಕಿ ತಿಕ್ದೆ. ಮೊದ್ಲು ಬುಡ್ಲೇ ಇಲ್ಲ. ಆಮ್ಯಾಕೆ ಲೋಳೆ ತರ ಎದ್ದು ಬಂತು ನೋಡು, ಅಂಗೇ ಸಿಪ್ಪೆ ಸಿಪ್ಪೆ!"

ನಾನು ಸಾಲಿನ ಕೊನೆಯ ಗಾಜನ್ನು ಎತ್ತಿಕೊಂಡೆ. ಒಂದು ಮೂಲೆ ಮುಕ್ಕಾಗಿತ್ತು. ಅದೇ. ಅದರೊಳಗಿಂದ ಎದುರು ಮನೆಯ ಬಾಗಿಲು ಕಂಡಿತು, ಬಾಗಿಲಲ್ಲಿ ಕಟ್ಟಿದ್ದ ಕರು ಕಂಡಿತು.

"ಅದೊಂದು ಬೋ ಮೊಂಡು" ಎಂದರು ದೊಡ್ಡವ್ವ. "ಉಗುರಾಕಿ ಕೆರೀಬೇಕಾಯ್ತು. ಕಾಗದ ಬಂತಾ ಮಗ?"

ಕಾಗದ ನನ್ನ ಕಂಕುಳಲ್ಲಿತ್ತು. "ಇನ್ನೂ ಬಂದಿಲ್ಲ ದೊಡ್ಡವ್ವ" ಎಂದೆ.

ಒಳಗೆ ಹೋದೆ. ಅಕ್ಕ ಕೋಣೆಯ ಮೂಲೆಯಲ್ಲಿ ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಭಾವ ಕರೆದು ತೋರಿಸಿದ್ದ ಗಾಜು ಅದರಲ್ಲಿ ಸೇರಿತ್ತೆಂದು ಅವಳಿಗೆ ಗೊತ್ತು. "ಅದನ್ನೂ ತೊಳೆದುಬಿಟ್ರಾ?" ಎಂದಳು. ಹೂಂ ಎಂದೆ. ಅಕ್ಕ ಕೂಗುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಹೆದರಿ ನಿಂತಿದ್ದರೆ, ಅಕ್ಕ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡು, ಮೈಯೆಲ್ಲ ಅಲ್ಲಾಡಿಸಿಕೊಂಡು. ಬುದ್ಧಿಗೆ ಏನಾದರೂ ಆಯಿತೇ ಎಂದು ತೋಳು ಹಿಡಿದುಕೊಂಡೆ. "ಸೀಗೆಪುಡಿ ಹಾಕಿ..." ಎಂದು ಮತ್ತೆ ನಕ್ಕಳು. "ಅವರಿದ್ದಿದ್ರೆ ಬಿದ್ದು ಬಿದ್ದು ನಗೋರು ಕಣೋ. ಜಗಲಿಯಿಂದ ಉರುಳೋರು." ಆಗ ನನಗೂ ನಗು ಬಂತು. ಸಾವಿನ ಮನೆಯಲ್ಲಿ, ಕದ ಮುಚ್ಚಿಕೊಂಡು, ಒಡಹುಟ್ಟಿದವರಿಬ್ಬರು ಹಾಗೆ ನಕ್ಕದ್ದನ್ನು ಬೀದಿ ನೋಡಿದ್ದರೆ ಕ್ಯಾಮರಾದ ಮೇಲೆ ಇನ್ನೊಂದು ಅಪವಾದ ಬರುತ್ತಿತ್ತು. ನಗು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಸದ್ದು ಕೇಳಿ ದೊಡ್ಡವ್ವ ಕದ ತಳ್ಳಿದರು. "ಏನವ್ವ?"

ಅಕ್ಕ ಕಣ್ಣೊರೆಸಿಕೊಂಡಳು. "ಏನಿಲ್ಲ ದೊಡ್ಡವ್ವ. ಗಾಜು ಬಾಳ ಚೆನ್ನಾಗಿ ಬೆಳಗಿದ್ದೀರಿ ಅಂತ ಹೇಳ್ತಿದ್ದ."

ಆಕೆ ಹೋದ ಮೇಲೆ ನನ್ನ ಕಡೆ ತಿರುಗಿ, "ಅವರಿಗೆ ಗೊತ್ತಾಗಬಾರದು" ಎಂದಳು. ಅಷ್ಟೇ.

ಅವತ್ತಿನಿಂದ ತಪ್ಪೆಲ್ಲ ರೈಲಿನದು. ದೊಡ್ಡವ್ವ ಊರಿಗೆ ಹೋದ ಮೇಲೂ ನರಸೀಪುರದಿಂದ ಬರುವ ಬೆಲ್ಲದ ಗಾಡಿಯವರ ಕೈಯಲ್ಲಿ ವಿಚಾರಿಸುತ್ತಾರೆ. "ಅವ್ವ ಕೇಳ್ತು ಸಾ, ಕಾಗದ ಬಂತಾ ಅಂತ." ಇಲ್ಲ ಎಂದು ಹೇಳಿ ಕಳಿಸುತ್ತೇನೆ. ಮುಂದಿನ ಗಾಡಿಯಲ್ಲಿ ಬೈಗುಳ ಬರುತ್ತದೆ. ನರಸೀಪುರದ ಕಡೆ ನಮ್ಮ ರೈಲಿನ ಮಾನ ಹೋಗಿದೆ. ಮೈಸೂರಿನಿಂದ ಒಂದು ಕಾಗದದ ಕಂತೆ ತರಲಾರದ ರೈಲು ಬೆಲ್ಲ ಹೇಗೆ ಸಾಗಿಸುತ್ತದೆ ಎಂದು ಇಬ್ಬರು ವ್ಯಾಪಾರಿಗಳು ನನ್ನನ್ನೇ ಕೇಳಿದರು. ವಾರಸುದಾರರು ಬಾರದ ಸಾಮಾನು ಇಡಲು ನಮ್ಮ ಆಫೀಸಿನಲ್ಲಿ ಒಂದು ಮೂಲೆಯಿದೆ. ಬೇಗ ಬಿಡಿಸಿಕೊಂಡು ಹೋಗದವರನ್ನು ನಾನು ಗಟ್ಟಿಯಾಗಿ ಗದರಿಸುತ್ತಿದ್ದೆ. ಈಗ ಆ ಮೂಲೆಯಲ್ಲಿ ನನ್ನ ಹೆಸರಿನ ಪಾರ್ಸೆಲ್ ಒಂದಿದೆ. ಯಾರನ್ನೂ ಗದರಿಸುವುದಿಲ್ಲ.

ಮೊನ್ನೆ ಹೊಸ ಗಾಜು ತರಿಸಿ ಕಂಚುಗಾರರ ಬೀದಿಗೆ ಒಬ್ಬನೇ ಹೋಗಿದ್ದೆ. ಮುಕ್ಕಾಲಿ ಇಷ್ಟು ಭಾರವೆಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬ ಕಂಚುಗಾರ ಸುತ್ತಿಗೆ ಕೆಳಗಿಟ್ಟು, "ಎಲ್ಲಿ ಸಾ, ನಿಮ್ಮ ಭಾವ ಬರ್ಲಿಲ್ವಾ?" ಎಂದ. ಅವನಿಗೆ ಸುದ್ದಿ ತಿಳಿದಿರಲಿಲ್ಲ. ನಾನು ಹೇಳಿದೆ. ಬೀದಿಯಲ್ಲಿ ಒಂದೊಂದಾಗಿ ಸುತ್ತಿಗೆಗಳು ನಿಂತವು. ಯಾರೂ ಹೇಳದೆಯೇ ಎಲ್ಲರೂ ಅಲ್ಲಾಡದೆ ನಿಂತರು. ಪಟ ಬಹಳ ಚೆನ್ನಾಗಿ ಬಂದಿದೆ. ತಪ್ಪಲೆಗಳ ಮೇಲಿನ ಸುತ್ತಿಗೆಯ ಗುರುತುಗಳನ್ನು ಕೂಡ ಎಣಿಸಬಹುದು. ಎಲ್ಲೂ ಹೊಗೆಯಿಲ್ಲ. ಅಷ್ಟು ಚೆನ್ನಾದ ಪಟ ಹಿಡಿದವನು ಮನೆಗೆ ಬಂದು ಊಟ ಮಾಡಲಿಲ್ಲ ಎಂದರೆ ಜನ ನಗುತ್ತಾರೆ, ಆದರೆ ಮಾಡಲಿಲ್ಲ.

ನರಸೀಪುರದಲ್ಲಿ ದೊಡ್ಡವ್ವ ಗೋಡೆಗೆ ಸುಣ್ಣ ಹೊಡೆಸಿ, ಪಟ ಹಾಕುವುದಕ್ಕೆ ಜಾಗ ಮಾಡಿ ಇಟ್ಟಿದ್ದಾರಂತೆ. ಭಾವನ ಮುಖ ನಮ್ಮ ಯಾರ ಹತ್ತಿರವೂ ಇಲ್ಲ.